ದೀಪ ಹಚ್ಚಿದ ಮೇಲೂ ಒಣಗುವ ಬಟ್ಟೆ

ಮಲ್ಲೇಶ್ವರದ ನಮ್ಮ ಬೀದಿಯಲ್ಲಿ ಸಂಜೆ ವಾಕಿಂಗ್ ಹೋಗುವವರಲ್ಲಿ ನೀವೂ ಒಬ್ಬರಾಗಿದ್ದರೆ, ನಮ್ಮ ಮಹಡಿಯ ಬಾಲ್ಕನಿ ಕಡೆ ಒಮ್ಮೆಯಾದರೂ ಕತ್ತೆತ್ತಿ ನೋಡಿರುತ್ತೀರಿ. ಬಟ್ಟೆ ಒಣಗಿಸುವ ತಂತಿಯ ಮೇಲೆ, ಕತ್ತಲಾದ ಮೇಲೂ, ಹಳೇ ಸೀರೆಯ ಚೂರೊಂದು ಎರಡು ಕ್ಲಿಪ್ಪು ಕಚ್ಚಿಸಿಕೊಂಡು ಒಂಟಿಯಾಗಿ ನೇತಾಡುತ್ತಿರುತ್ತದೆ. ಎದುರುಮನೆಯ ಪದ್ಮಕ್ಕ ಮೊದಲ ದಿನ ಅದನ್ನು ಕಂಡು ಸುಮ್ಮನಿದ್ದರು. ಆಮೇಲೆ ತಡೆಯಲಾರದೆ, ನಿಮ್ಮತ್ತೆ ಹುಷಾರಾಗಿದ್ದಾರೆ ತಾನೆ ಎಂದು ಕೇಳಿಯೇಬಿಟ್ಟರು. ಅವರ ಕಳವಳದಲ್ಲಿ ತಪ್ಪಿಲ್ಲ. ನಮ್ಮತ್ತೆ ಓಡಾಡಿಕೊಂಡಿರುವ ಮನೆಯಲ್ಲಿ ದೀಪ ಹಚ್ಚಿದ ಮೇಲೆ ತಂತಿಯ ಮೇಲೆ ಬಟ್ಟೆ ಉಳಿಯುವುದೆಂದರೆ ಏನೋ ಕೆಟ್ಟಿದೆ ಎಂದೇ ಅರ್ಥ.

ಒಣಗಿದ್ದರೂ ಸರಿ, ಹಸಿಯಿದ್ದರೂ ಸರಿ, ಹೊತ್ತು ಮುಳುಗುವಷ್ಟರಲ್ಲಿ ಬಟ್ಟೆ ಒಳಗೆ ಬಂದಿರಬೇಕು. ನಾನು ಮದುವೆಯಾಗಿ ಬಂದ ಹೊಸದರಲ್ಲಿ, ಓದಿದ ಹುಡುಗಿಯ ಜಂಬದಲ್ಲಿ, ಯಾಕೆ ಅಂತ ಕೇಳಿದ್ದೆ. ಇರಬಾರದು ಅಂದ್ರೆ ಇರಬಾರದು ಅಂದಿದ್ದರು, ಅಲ್ಲಿಗೆ ಮುಗಿಯಿತು. ತಂದದ್ದನ್ನು ಕುರ್ಚಿಯ ಮೇಲೆ ರಾಶಿ ಹಾಕುವ ನಮ್ಮಂಥವರ ಪೈಕಿಯೂ ಅವರಲ್ಲ. ನಿಂತ ನಿಲುವಿನಲ್ಲೇ ಮಡಿಚಬೇಕು. ಪಂಚೆ, ಟವಲ್ಲು, ಕರವಸ್ತ್ರ, ಕಡೆಗೆ ನೆಲ ಒರೆಸುವ ಬಟ್ಟೆ ಕೂಡ ಅಂಚಿಗೆ ಅಂಚು ಕೂಡಿಸಿ, ಅಂಗೈಯಿಂದ ಗಟ್ಟಿಯಾಗಿ ಒತ್ತಿ ಮಡಿಚಿಡುತ್ತಾರೆ. ಅವರು ಮಡಿಚಿದ ನೆಲದ ಬಟ್ಟೆಯನ್ನು ಯಾರಿಗಾದರೂ ಅರಿಶಿನ ಕುಂಕುಮದ ಜೊತೆ ಕೊಟ್ಟರೂ ಸಂತೋಷವಾಗಿ ತೆಗೆದುಕೊಂಡು ಹೋಗುತ್ತಾರೆ.

ತಂತಿಯ ಮೇಲಿನ ಆ ಚೂರು ನನ್ನದು. ಅದರ ಕಥೆ ಹೇಳಬೇಕಾದರೆ ಮೊದಲು ಹಲಗೆಗಳ ಕಥೆ ಹೇಳಬೇಕು. ನಮ್ಮ ಮಾವನವರ ತಂದೆ ಈ ಮನೆ ಕಟ್ಟಿಸುವಾಗ ದಂಡಿನ ಕಡೆ, ಅಂದರೆ ಈಗಿನ ಕಂಟೋನ್ಮೆಂಟಿನಲ್ಲಿ, ಯಾವುದೋ ಬಿಳಿ ದೊರೆಯ ಬಂಗಲೆ ನೋಡಿಬಂದು, ನನ್ನ ಮನೆಗೂ ಹಾಗೇ ಆಗಬೇಕು ಎಂದು ಹಟ ಹಿಡಿದು, ಮಹಡಿಯ ಮುಂದಿನ ಕೋಣೆಯ ಇಟ್ಟಿಗೆ ಗೋಡೆಗೆ ಹೊರಗಿನಿಂದ ತೇಗದ ಹಲಗೆ ಹೊದಿಸಿದರಂತೆ. ಅಡ್ಡಡ್ಡ ಹಲಗೆಗಳು. ಮೇಲಿನದರ ಅಂಚು ಕೆಳಗಿನದರ ಮೇಲೆ ಒಂದಿಷ್ಟು ಕೂತಿದೆ, ಮಳೆಯ ನೀರು ಒಳಕ್ಕೆ ನುಗ್ಗದೆ ಜಾರಿ ಇಳಿದುಹೋಗಲಿ ಎಂದು. ಪಡುವಣ ಬಿಸಿಲನ್ನೆಲ್ಲ ಹಲಗೆಯೇ ತಿಂದುಕೊಂಡು ಕೋಣೆ ತಣ್ಣಗಿರುತ್ತದೆ. ಸಂಪಿಗೆ ರಸ್ತೆಯ ಹೂವಿನವರಿಗೂ ಕೊರಿಯರ್‌ನವರಿಗೂ ನಮ್ಮದು ಹಲಗೆ ಮನೆ, ನಂಬರು ಯಾರಿಗೂ ಗೊತ್ತಿಲ್ಲ. ಅತ್ತೆ ಮದುವೆಯಾಗಿ ಬಂದಾಗಿನಿಂದ ಆ ಕೋಣೆಯಲ್ಲೇ ಇದ್ದಾರೆ. ಮೆಟ್ಟಿಲು ಹತ್ತಿಳಿದು ಅವರ ಮೊಣಕಾಲು ನಮ್ಮೆಲ್ಲರದಕ್ಕಿಂತ ಗಟ್ಟಿ. ಸಂಜೆ ಬಿಸಿಲಿಳಿದು ಹಲಗೆಗಳು ತಣಿಯುವಾಗ ಟಕ್, ಟಕ್ ಎಂದು ಸಣ್ಣ ಸದ್ದು ಮಾಡುತ್ತವೆ. ಅದು ಕೇಳಿದರೆ ಅತ್ತೆ ಎದ್ದು ಬಟ್ಟೆ ತೆಗೆದು ದೀಪ ಹಚ್ಚಲು ಹೋಗುತ್ತಾರೆ. ಗಡಿಯಾರ ನೋಡುವುದಿಲ್ಲ.

ಇನ್ನು ನನ್ನ ಕಥೆ. ನನಗೆ ಹೆದರುವ ಕಾಯಿಲೆ. ಇದು ನಮ್ಮಮ್ಮನ ಕಡೆಯಿಂದ ಬಂದ ಆಸ್ತಿ. ಚಾಮರಾಜಪೇಟೆಯ ವಠಾರದಲ್ಲಿ ನಮ್ಮಮ್ಮ ಮನೆಗೆ ಬೀಗ ಹಾಕಿದರೆ ಅದನ್ನು ಎಳೆದು ನೋಡಿ, ಜಗ್ಗಿ ನೋಡಿ, ಬಸ್ ಸ್ಟಾಪಿನ ತನಕ ನಮ್ಮನ್ನು ನಡೆಸಿಕೊಂಡು ಹೋಗಿ, ಬಸ್ಸು ಕಣ್ಣಿಗೆ ಬಿದ್ದ ಮೇಲೆ ಮತ್ತೆ ವಾಪಸ್ ಓಡುತ್ತಿದ್ದಳು. ಬಸವನಗುಡಿಯ ದೊಡ್ಡಮ್ಮನ ಮನೆಯಲ್ಲಿ ನಾವು ತಲುಪುವ ಹೊತ್ತಿಗೆ ಎಲೆ ಎತ್ತಿರುತ್ತಿದ್ದರು. ಅಮ್ಮನ ಚಿಂತೆ ಬೀಗದಲ್ಲಿತ್ತು, ನನ್ನದು ಮೂಗಿನಲ್ಲಿದೆ. ಎಲ್ಲೋ ಏನೋ ಸುಡುತ್ತಿದೆ ಎಂದು ನನಗೆ ಸದಾ ಅನ್ನಿಸುತ್ತದೆ. ಮಾತಾಡುತ್ತಾ ಆಡುತ್ತಾ ತಟಕ್ಕನೆ ನಿಲ್ಲಿಸಿ ಮೂಗೆತ್ತುತ್ತೇನೆ. ಮದುವೆಮನೆಯ ಊಟದ ಮಧ್ಯದಿಂದ ಎದ್ದುಬಂದು ಇಸ್ತ್ರಿಪೆಟ್ಟಿಗೆ ನೋಡಿದ್ದೇನೆ, ಅದು ಬೀರುವಿನಲ್ಲಿ ತಣ್ಣಗೆ ಮಲಗಿತ್ತು. ಒಂದು ಶುಕ್ರವಾರ ಮಹಡಿಯಲ್ಲಿ ಹೊಗೆ ಕಂಡು, ಜೀವ ಬಾಯಿಗೆ ಬಂದು, ಒಂದು ಬಿಂದಿಗೆ ನೀರು ಎತ್ತಿ ಸುರಿದೆ. ಅತ್ತೆ ಆಗತಾನೇ ಹಾಕಿದ್ದ ಸಾಂಬ್ರಾಣಿ ಕೆಂಡ ಅದು. ದೇವರ ಮುಂದೆ ಬೂದಿಯ ಸಾರು ಹರಿಯಿತು. ಅತ್ತೆ ಬೈಯಲಿಲ್ಲ. ದೇವರಿಗೆ ಇವತ್ತು ಎರಡನೇ ಸ್ನಾನ ಎಂದು ಒರೆಸಲು ಕೂತರು. ನಮ್ಮ ಯಜಮಾನರು ಮಾತ್ರ ಬಂದುಹೋದವರಿಗೆಲ್ಲ ಹೇಳಿಕೊಂಡು ನಗುತ್ತಾರೆ, ಇವತ್ತಿಗೂ.

ದೇವರ ಲೆಕ್ಕಾಚಾರ ನೋಡಿ. ನನಗೆ ಇಷ್ಟು ಮೂಗು ಕೊಟ್ಟವನು ಅತ್ತೆಯದನ್ನು ಪೂರ್ತಿ ಕಿತ್ತುಕೊಂಡ. ಒಂದು ಜ್ವರ ಬಂದು ಹೋಯಿತು, ಹೋಗುವಾಗ ಅವರ ವಾಸನೆಯ ಶಕ್ತಿಯನ್ನೂ ಕರೆದುಕೊಂಡು ಹೋಯಿತು. ಇಂಗು ಹಾಕಿದರೆ ತಿಳಿಯದು, ಹಾಲು ಸೀದರೆ ತಿಳಿಯದು, ಮಲ್ಲಿಗೆ ಮುಡಿದರೆ ಭಾರ ಮಾತ್ರ ತಿಳಿಯುತ್ತದೆ ಎನ್ನುತ್ತಾರೆ. ಅಡುಗೆಮನೆಯಲ್ಲಿ ನಾವಿಬ್ಬರೂ ಸೇರಿ ಒಂದು ಮೂಗು. ಘಮ ಬಂತಾ ಅಂತ ಅವರು ಕೇಳುತ್ತಾರೆ, ಬಂತು ಅಂತ ನಾನು ಹೇಳುತ್ತೇನೆ, ಆಮೇಲೆ ಅವರು ಒಲೆ ಆರಿಸುತ್ತಾರೆ.

ಹೀಗಿರುವಾಗ ಹಲಗೆಗಳಿಗೆ ಗ್ರಹಚಾರ ಬಂತು. ಹಿಂದೆಲ್ಲ ಅವಕ್ಕೆ ಗೆದ್ದಲು ಹಿಡಿಯದಿರಲೆಂದು ಡಾಂಬರಿನ ನಾತದ ಒಂದು ಕಪ್ಪು ಎಣ್ಣೆ ಬಳಿಸುತ್ತಿದ್ದರು. ಕಳೆದ ಸಲ ಬಳಿದಾಗ ಅತ್ತೆಗೆ ನಾತ ಗೊತ್ತಾಗಲಿಲ್ಲ, ಆದರೆ ಎದೆಗೆ ಗೊತ್ತಾಯಿತು. ಉಬ್ಬಸ ಎದ್ದು, ಮೂಗಿಗೆ ಮಾಸ್ಕು ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಇನ್ನು ಆ ಎಣ್ಣೆ ಬೇಡ ಎಂದರು ಡಾಕ್ಟರು. ಬಳಿಯದೆ ಬಿಟ್ಟರೆ ಹಲಗೆ ಬಿಸಿಲಿಗೆ ಬೂದು ತಿರುಗಿ, ಅಲ್ಲಲ್ಲಿ ಸೀಳು ಬಿಟ್ಟು, ಕೆಳಗಿನ ಸಾಲು ಕುಟ್ಟೆಹುಳು ಹಿಡಿದು ಮರದ ಹಿಟ್ಟು ಉದುರಿಸತೊಡಗಿತು. ಪೇಂಟರನ್ನು ಕರೆಸಿದರೆ ಅವನು ಫಳಫಳ ಹೊಳೆಯುವ ವಾರ್ನಿಷ್ ಡಬ್ಬದ ಚಿತ್ರ ತೋರಿಸಿದ. ನಮ್ಮವರು ಒಂದೇ ಮಾತಿನಲ್ಲಿ ತೀರ್ಮಾನ ಮಾಡಿದರು. ಹಲಗೆ ಕೀಳಿಸಿ ಸಿಮೆಂಟ್ ಶೀಟು ಹಾಕಿಸುವುದು, ಅದರಲ್ಲೇ ಮರದ ಗೆರೆ ಅಚ್ಚು ಹಾಕಿರುತ್ತಾರಂತೆ, ತಲೆನೋವೇ ಇಲ್ಲವಂತೆ.

ಅತ್ತೆ ವಾದ ಮಾಡುವವರಲ್ಲ. ತಟ್ಟೆಯ ಮುಂದೆ ಕೂತವರು ಮಗನ ಮುಖ ನೋಡದೆ ಹೇಳಿದರು.

"ತೆಗೆಸಪ್ಪಾ. ಆ ಹಲಗೆ ಇಳಿದ ದಿನ ನಾನೂ ಇಳಿದು ಬಂದ್ಬಿಡ್ತೀನಿ. ಆಮೇಲೆ ಮೇಲೆ ಹತ್ತಲ್ಲ."

ಕೆಳಗೆ ಬಂದರೆ ಒಳ್ಳೆಯದೇ ಅಲ್ಲವೆ ಎಂದು ನಮ್ಮವರಿಗೆ ಅನ್ನಿಸಿತು. ನನಗೆ ಅನ್ನಿಸಲಿಲ್ಲ. ಆ ದನಿ ನನಗೆ ಗೊತ್ತು. ವಾಸನೆ ಹೋದ ದಿನವೂ ಅವರು ಇದೇ ದನಿಯಲ್ಲಿ, ಹೋಗ್ಲಿ ಬಿಡು, ಇನ್ನೇನು ಮೂಸಬೇಕಾಗಿದೆ ಅಂದಿದ್ದರು. ಇರುವುದರಲ್ಲಿ ಕಿವಿಗೆ ಕೇಳುವ ಆ ಟಕ್ ಟಕ್, ಬಾಲ್ಕನಿಯ ಬೆಂಚಿನ ಮೇಲೆ ಒರಗಿದರೆ ಬೆನ್ನಿಗೆ ತಗಲುವ ಆ ಬೆಚ್ಚನೆಯ ಹಲಗೆ, ಇವೂ ಹೋದರೆ ಅವರಿಗೆ ಉಳಿಯುವುದೇನು ಎಂದು ನನಗೆ ಸಂಕಟವಾಯಿತು. ನಾನು ನೋಡ್ಕೋತೀನಿ, ಎದೆಗೆ ತೊಂದರೆ ಕೊಡದ ಎಣ್ಣೆ ಹಾಕಿ ಹಲಗೆ ಉಳಿಸ್ತೀನಿ ಎಂದುಬಿಟ್ಟೆ. ಈ ಮಳೆಗಾಲ ಒಂದು ಹನಿಯೂ ಒಳಗೆ ಬರದಿದ್ದರೆ ಹಲಗೆ ಇರಲಿ, ಬಂದರೆ ಶೀಟು ಎಂದು ನಮ್ಮವರು ಕರಾರು ಹಾಕಿದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಅಂಥ ಕೆಲಸವನ್ನು ಹಾವು ಕಂಡರೆ ಓಡುವವಳು ಒಪ್ಪಿಕೊಂಡಿದ್ದೆ.

ಅವತ್ತಿನಿಂದ ನನಗೆ ನಿದ್ದೆ ಇಲ್ಲ. ಫೋನು ಹಿಡಿದು ಓದಿದ್ದೇ ಓದಿದ್ದು. ಒಬ್ಬರು ಬೇವಿನ ಎಣ್ಣೆ ಎಂದರೆ ಇನ್ನೊಬ್ಬರು ಅದು ಒಣಗುವುದೇ ಇಲ್ಲ ಎನ್ನುತ್ತಾರೆ. ಕಡೆಗೆ ಬೊರಾಕ್ಸ್ ಅನ್ನುವ ಬಿಳಿಗಾರದ ನೀರು, ಅಗಸೆ ಎಣ್ಣೆ, ಜೇನುಮೇಣ ಎಂದು ಗಟ್ಟಿ ಮಾಡಿಕೊಂಡೆ. ಬಿಳಿಗಾರದ ನೀರು ಮರದೊಳಗೆ ಇಳಿದರೆ ಹುಳು ಹತ್ತಿರ ಸುಳಿಯುವುದಿಲ್ಲ. ಅದು ಒಣಗಿದ ಮೇಲೆ ಎಣ್ಣೆ, ಎಣ್ಣೆ ಒಣಗಿದ ಮೇಲೆ ಮೇಣ, ಮೇಲೆ ಬಿದ್ದ ಮಳೆ ಜಾರಿಹೋಗಲಿ ಎಂದು. ಅಂಗಡಿಯವರು ಅಗಸೆ ಎಣ್ಣೆಯ ಡಬ್ಬದ ಮುಚ್ಚಳ ತೆಗೆದು ತೋರಿಸಿದಾಗ ನಾನು ಕೌಂಟರ್ ಮುಂದೆಯೇ ಹತ್ತು ವರ್ಷದವಳಾಗಿಬಿಟ್ಟೆ. ನಮ್ಮಣ್ಣನ ಕ್ರಿಕೆಟ್ ಬ್ಯಾಟಿನ ವಾಸನೆ ಅದು. ಭಾನುವಾರ ಬೆಳಿಗ್ಗೆ ವಠಾರದ ಜಗುಲಿಯ ಮೇಲೆ ಕೂತು ಅಣ್ಣ ಬ್ಯಾಟಿಗೆ ಎಣ್ಣೆ ಕುಡಿಸುತ್ತಿದ್ದ. ಹೌದು, ಕುಡಿಸುವುದು ಎಂದೇ ಅನ್ನುತ್ತಿದ್ದ. ಒಂದು ಸಲ ಮಾರನೆಯ ದಿನ ದೊಡ್ಡ ಮ್ಯಾಚ್ ಇದೆ ಎಂದು ಅರ್ಧ ಬಾಟಲಿ ಕುಡಿಸಿ, ಬ್ಯಾಟು ಒನಕೆಯಷ್ಟು ಭಾರವಾಗಿ, ಮೊದಲ ಬಾಲಿಗೇ ಔಟಾಗಿ ಬಂದ. ಬ್ಯಾಟ್ ಕುಡಿದಿತ್ತು ಎಂದು ಅವನ ಸ್ನೇಹಿತರು ಎಷ್ಟೋ ದಿನ ಕಾಡಿದರು.

ಅಷ್ಟು ನೆನಪಿದ್ದೂ ನಾನು ಮೊದಲ ಸಾಲಿಗೆ ಹೆಚ್ಚು ಬಳಿದೆ. ಅಂಟುವಾಳದ ನೀರಿನಲ್ಲಿ ನಾರು ಅದ್ದಿ ಹಳೇ ಕಪ್ಪನ್ನೆಲ್ಲ ಉಜ್ಜಿ ತೆಗೆಯುವಷ್ಟರಲ್ಲಿ ತೋಳು ಬಿದ್ದುಹೋಗಿತ್ತು. ಕೆಳಗಿನಿಂದ ತೇಗದ ನಿಜವಾದ ಬಣ್ಣ ಎದ್ದಾಗ ಸಂತೋಷ ತಡೆಯದೆ, ಬಿಳಿಗಾರದ ನೀರು ಒಣಗಿದ್ದೇ ತಡ, ಎಣ್ಣೆ ಸುರಿದೆ. ದಿನ ಕಳೆದರೂ ಒಣಗಲಿಲ್ಲ. ಬೀದಿಯ ಧೂಳು, ಪಾರಿವಾಳದ ಪುಕ್ಕ, ಪಕ್ಕದ ಮನೆಯ ಹೊಂಗೆ ಹೂವು ಎಲ್ಲವೂ ಬಂದು ಅಂಟಿಕೊಂಡವು. ನಮ್ಮವರು ಕೈಕಟ್ಟಿಕೊಂಡು ನಿಂತು, ಇದಕ್ಕೆ ಹೂವಿನ ಅಲಂಕಾರವೂ ಆಯ್ತಲ್ಲ, ಮಂಗಳಾರತಿ ಯಾವಾಗ ಎಂದರು. ಎಲ್ಲ ಒರೆಸಿ ಮತ್ತೆ ಮೊದಲಿನಿಂದ ಮಾಡಿದೆ. ತೆಳ್ಳಗೆ ಬಳಿದು, ಸ್ವಲ್ಪ ಹೊತ್ತು ಬಿಟ್ಟು, ಮರ ಕುಡಿಯದೆ ಉಳಿಸಿದ್ದನ್ನು ಬಟ್ಟೆಯಿಂದ ಒರೆಸಿಬಿಡಬೇಕು. ಗುಟ್ಟು ಅಷ್ಟೇ. ಆಕಾಶದ ಮೂಲೆಯಲ್ಲಿ ಒಂದು ಮೋಡ ಕಂಡರೂ ಕೈಯ ಕೆಲಸ ಬಿಟ್ಟು ಬಾಲ್ಕನಿಯ ಅಂಚಿಗೆ ಓಡಿ ಕತ್ತೆತ್ತಿ ನಿಲ್ಲುತ್ತಿದ್ದೆ. ಬೆಂಗಳೂರಿನ ಬೇಸಿಗೆ ಮಳೆ ಹೇಳಿ ಬರುತ್ತದೆಯೇ?

ಒರೆಸಲು ಅತ್ತೆಯ ಹಳೇ ನೂಲಿನ ಸೀರೆ ಹರಿದುಕೊಂಡಿದ್ದೆ. ಆ ಬಟ್ಟೆಗಳ ವಿಷಯದಲ್ಲೇ ನನ್ನ ದೊಡ್ಡ ಭಯವಿದ್ದದ್ದು. ಅಗಸೆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದಂತೆ. ಹಲಗೆಯ ಮೇಲೆ ತೆಳ್ಳಗಿದ್ದರೆ ಆ ಬಿಸಿ ಗಾಳಿಗೆ ಹೋಗಿಬಿಡುತ್ತದೆ, ಏನೂ ಇಲ್ಲ. ಆದರೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಇಟ್ಟರೆ ಬಿಸಿ ಒಳಗೇ ಸೇರಿ, ಏರಿ, ಬೆಂಕಿ ಕಡ್ಡಿ ಗೀರದೆ ಬೆಂಕಿ ಹತ್ತಿಕೊಳ್ಳುತ್ತದಂತೆ. ಮನೆಯವರಿಗೆಲ್ಲ ಓದಿ ಹೇಳಿದೆ. ಆದರೆ ಗೀಸರ್ ಸಿಡಿಯುತ್ತದೆ, ಕುಕ್ಕರ್ ಹಾರುತ್ತದೆ, ಫೋನು ಚಾರ್ಜಿಗಿಟ್ಟು ಮಲಗಿದರೆ ಏಳುವುದಿಲ್ಲ ಎಂದು ದಿನಾ ಹೇಳುವವಳ ಬಾಯಲ್ಲಿ ಇದೂ ಒಂದಾಗಿ ಹೋಯಿತು. ಅತ್ತೆ ತಲೆಯಾಡಿಸಿದರು. ನಮ್ಮವರು, ಸದ್ಯ, ನೀರು ತಾನಾಗೇ ಹತ್ತಿಕೊಳ್ಳುತ್ತೆ ಅಂತ ಎಲ್ಲೂ ಬರೆದಿಲ್ಲವಲ್ಲ ಎಂದರು.

ಹಾಗಾಗಿ ದಿನವೂ ಕೆಲಸ ಮುಗಿದ ಮೇಲೆ ಬಟ್ಟೆಗಳನ್ನು ಒಂದೊಂದಾಗಿ ತಂತಿಯ ಮೇಲೆ ಬಿಡಿಸಿ ಹರಡುತ್ತಿದ್ದೆ. ಸಂಜೆ ಅತ್ತೆ ತೆಗೆಯುವ ಮೊದಲೇ ನಾನೇ ತೆಗೆದು ತಾರಸಿಯ ಕಲ್ಲಿನ ಮೇಲೆ ಹಾಸಿ, ಅಂಚಿಗೆ ಇಟ್ಟಿಗೆ ಹೇರಿ ಬರುತ್ತಿದ್ದೆ. ರಾತ್ರಿ ಮಲಗುವ ಮುಂಚೆ ಮತ್ತೆ ಹತ್ತಿ ಮುಟ್ಟಿ ನೋಡುತ್ತಿದ್ದೆ. ನೀವು ನಗಬಹುದು, ಅಡ್ಡಿಯಿಲ್ಲ.

ಕಡೆಯ ಸಾಲಿಗೆ ಎಣ್ಣೆ ಬಿದ್ದ ದಿನ ನಮ್ಮವರಿಗೆ ನನ್ನ ಮೇಲೆ ಕರುಣೆ ಬಂತು. ಕಣ್ಣ ಕೆಳಗೆ ಕಪ್ಪು ಕಟ್ಟಿದೆ ನೋಡಿಕೋ ಎಂದು, ಹೊರಗಿನಿಂದ ಖಾರದ ಕಾಂಗ್ರೆಸ್ ಕಡಲೆಬೀಜ ತಂದು, ತಾವೇ ಕಾಫಿ ಮಾಡಿ ಕೈಗೆ ಕೊಟ್ಟರು.

"ಇವತ್ತೊಂದು ಸಂಜೆ ನೆಮ್ಮದಿಯಾಗಿ ಕೂತ್ಕೋ ಮಾರಾಯ್ತಿ. ಊಟ ಆಗೋವರೆಗೆ ಮಹಡಿ ಹತ್ತಬೇಡ, ಮೂಗು ಎತ್ತಬೇಡ. ಏನೂ ಆಗಲ್ಲ."

ನಾನೂ ಮಾತು ಕೊಟ್ಟೆ. ಬಟ್ಟೆಗಳು ತಂತಿಯ ಮೇಲೆ ಬಿಡಿಸಿಯೇ ಇವೆಯಲ್ಲ, ಊಟವಾದ ಮೇಲೆ ತಾರಸಿಗೆ ಒಯ್ದರಾಯಿತು ಎಂದುಕೊಂಡೆ. ಮನಸ್ಸಿಗೆ ನಿಜವಾಗಿ ಬೇಕಾಗಿತ್ತು. ಕಡಲೆಬೀಜ ತಿನ್ನುತ್ತಾ ಟೀವಿ ನೋಡಿದೆ. ಮಧ್ಯೆ ಒಮ್ಮೆ ಅಣ್ಣನ ಬ್ಯಾಟಿನ ವಾಸನೆ ಬಂತು, ಆದರೆ ಬ್ಯಾಟನ್ನು ಯಾರೋ ಬಾಣಲೆಯಲ್ಲಿ ಹುರಿದ ಹಾಗೆ. ಕುರ್ಚಿಯ ಕೈ ಹಿಡಿದುಕೊಂಡೆ. ಇದು ನನ್ನ ಮೂಗಿನ ಹಳೇ ಚಾಳಿ, ಇಡೀ ದಿನ ಆ ಎಣ್ಣೆಯಲ್ಲೇ ಇದ್ದೆನಲ್ಲ, ಕೈಗೇ ಮೆತ್ತಿಕೊಂಡಿದೆ ಎಂದು ಸಮಾಧಾನ ಹೇಳಿಕೊಂಡೆ. ನಮ್ಮವರು ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಇನ್ನೊಂದು ಹಿಡಿ ಕಡಲೆಬೀಜ ಬಾಯಿಗೆ ಹಾಕಿಕೊಂಡೆ, ಏಳಲಿಲ್ಲ.

ಅತ್ತೆ ಇಳಿದುಬಂದರು. ಮೂವರೂ ಊಟಕ್ಕೆ ಕೂತೆವು. ಮೊಸರನ್ನ ಕಲಸುತ್ತಾ ಅತ್ತೆ, ಅನ್ನಕ್ಕೆ ಉಪ್ಪು ಸಾಲದು ಅನ್ನುವಷ್ಟು ಸಾಮಾನ್ಯವಾಗಿ ಹೇಳಿದರು.

"ನಿನ್ನ ಎಣ್ಣೆಬಟ್ಟೆ ಎಲ್ಲ ತೆಗೆದು ಮಡಿಚಿಟ್ಟಿದೀನಿ ಕಣೇ ವತ್ಸಲಾ. ಪಾಪ, ಎಷ್ಟು ಬಿಸಿಲು ಕುಡಿದಿತ್ತೋ, ಈಗ ಬರೋವಾಗ ಮುಟ್ಟಿದ್ರೂ ಬೆಚ್ಚಗೇ ಇತ್ತು."

ಹೊತ್ತು ಮುಳುಗಿ ಎಷ್ಟೋ ಹೊತ್ತಾಗಿತ್ತು. ಹೊರಗೆ ತಂಪು ಗಾಳಿ ಬೀಸುತ್ತಿತ್ತು. ಯಾವ ಬಿಸಿಲು ಅಷ್ಟು ಹೊತ್ತು ಬಟ್ಟೆಯಲ್ಲಿ ಕೂತಿರುತ್ತದೆ? ಎಲ್ಲಿಟ್ಟಿದೀರಿ ಎಂದು ಕೇಳಿದವಳಿಗೆ ನನ್ನ ದನಿಯೇ ಗುರುತು ಸಿಗಲಿಲ್ಲ. ಬಾಲ್ಕನಿಯ ಬೆಂಚಿನ ಕೆಳಗೆ, ಹಳೇ ಪೇಪರಿನ ರಟ್ಟಿನ ಡಬ್ಬದಲ್ಲಿ ಎಂದರು. ಆ ಬೆಂಚು ಹಲಗೆಗೆ ಒತ್ತಿಕೊಂಡೇ ಇರುವುದು.

ಎಂಜಲು ಕೈಯಲ್ಲೇ ಓಡಿದೆ. ಮೆಟ್ಟಿಲ ಮೇಲೇ ವಾಸನೆ ಮುಖಕ್ಕೆ ಹೊಡೆಯಿತು. ಡಬ್ಬದಿಂದ ಬಿಳಿಯ ಹೊಗೆ ನಿಧಾನವಾಗಿ, ಏನೂ ಅವಸರವಿಲ್ಲದೆ ಏಳುತ್ತಿತ್ತು. ಅಂಚಿಗೆ ಅಂಚು ಕೂಡಿಸಿ, ಅಂಗೈಯಿಂದ ಒತ್ತಿ, ಒಂದರ ಮೇಲೊಂದು ಪೇರಿಸಿದ್ದ ಬಟ್ಟೆಗಳು. ಮಧ್ಯದ ಮಡಿಕೆಗಳು ಕಂದು ಬಣ್ಣಕ್ಕೆ ತಿರುಗಿ, ಕಪ್ಪಾಗಿ, ಒಂದು ಕಡೆ ಕೆಂಪು ಚುಕ್ಕೆ ಮಿಣುಕುತ್ತಿತ್ತು. ಅತ್ತೆಯ ಕೋಣೆಯ ಮೂಲೆಯಲ್ಲಿದ್ದ ನೀರಿನ ಬಿಂದಿಗೆ ಎತ್ತಿ ಸುರಿದೆ, ಸಾಂಬ್ರಾಣಿಗೆ ಸುರಿದ ಅದೇ ಬಿಂದಿಗೆ. ಹಿಂದೆಯೇ ಬಂದ ನಮ್ಮವರು ಬಕೆಟ್ ತಂದು ಸುರಿದರು, ಡಬ್ಬವನ್ನು ಬಾಲ್ಕನಿಯ ನಡುವಿಗೆ ಎಳೆದು ಮತ್ತೆ ಸುರಿದರು. ಹಲಗೆಯ ಮೇಲೆ ಅಂಗೈಯಗಲ ಕಪ್ಪಾಗಿತ್ತು, ಅಷ್ಟೇ. ನಾನು ಅಲ್ಲೇ ನೀರಿನಲ್ಲಿ ಕೂತುಬಿಟ್ಟೆ. ಇನ್ನರ್ಧ ಗಂಟೆಗೆ ಅತ್ತೆ ಊಟ ಮುಗಿಸಿ ಮೇಲೆ ಬಂದು, ಬಾಗಿಲು ಹಾಕಿಕೊಂಡು, ಚಿಲಕ ಹಾಕಿ ಮಲಗುತ್ತಿದ್ದರು. ಅವರಿಗೆ ಹೊಗೆಯ ವಾಸನೆ ತಿಳಿಯುತ್ತಿರಲಿಲ್ಲ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ನಂಗೆ ಗೊತ್ತೇ ಆಗ್ಲಿಲ್ಲ ಕಣೇ, ಬಿಸಿಲಿನ ಬಿಸಿ ಅಂದ್ಕೊಂಡೆ ಎಂದು ಅದನ್ನೇ ಮತ್ತೆ ಮತ್ತೆ ಹೇಳಿದರು. ಅವರು ಅಳುವುದನ್ನು ನಾನು ಮಾವನವರು ಹೋದಾಗ ಬಿಟ್ಟರೆ ಅವತ್ತೇ ನೋಡಿದ್ದು. ಹೆದರಿದ್ದಕ್ಕೇ ನಮ್ಮವರ ದನಿ ಜೋರಾಯಿತು. ನಾಳೆಯೇ ಇದನ್ನೆಲ್ಲ ಕೀಳಿಸ್ತೀನಿ, ಅಮ್ಮ ಇನ್ನು ಕೆಳಗೆ ಮಲಗ್ತಾಳೆ, ಮಾತು ಮುಗೀತು ಎಂದರು.

"ಹಲಗೆ ಏನ್ ಮಾಡ್ತೋ ಸೂರಿ?" ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ಮಡಿಚಿಟ್ಟೋಳು ನಾನು. ಅವಳು ಹೇಳಿದ್ಳು, ನಾವ್ ಕೇಳ್ಲಿಲ್ಲ."

ಸೂರಿಯವರು ಬಕೆಟ್ಟನ್ನು ಹತ್ತಿರಕ್ಕೆ ಎಳೆದುಕೊಂಡರು. ಒದ್ದೆ ಬಟ್ಟೆಗಳನ್ನು ಒಂದೊಂದಾಗಿ ನೀರಿನ ಬಕೆಟ್ಟಿಗೆ ಅದ್ದುತ್ತಾ ಕೂತರು. ಮಾರನೆಯ ದಿನ ಪೇಂಟರೂ ಬರಲಿಲ್ಲ, ಶೀಟಿನವರೂ ಬರಲಿಲ್ಲ. ನಾನೂ ಕೇಳಲಿಲ್ಲ. ಒಂದು ವಾರ ಬಿಟ್ಟು ಜೇನುಮೇಣ ಉಜ್ಜಿ ಕೆಲಸ ಮುಗಿಸಿದೆ. ಆಮೇಲೆ ಮಳೆ ಬಂತು, ಬೆಂಗಳೂರಿನ ಮಳೆಯ ಪೂರ್ತಿ ಅಹಂಕಾರದೊಂದಿಗೆ. ಹನಿಗಳು ಹಲಗೆಯ ಮೇಲೆ ಗುಂಡುಗುಂಡಾಗಿ ಉರುಳಿ ಇಳಿದವು. ಸೂರಿಯವರು ಟಾರ್ಚು ಹಿಡಿದು ಒಳಗಿನ ಗೋಡೆಯನ್ನು ಇಂಚಿಂಚಾಗಿ ತಡಕಿದರು. ಒಣಗಿಯೇ ಇತ್ತು. ಟಾರ್ಚು ಆರಿಸಿದ ಮೇಲೆ, ನನಗೆ ಕಾಣುವುದಿಲ್ಲ ಎಂದುಕೊಂಡು, ಒಮ್ಮೆ ಮೂಗೆತ್ತಿ ಮೂಸಿಯೂ ನೋಡಿದರು.

ಈಗಲೂ ಅಲ್ಲಲ್ಲಿ ಒಂದು ಸಂದು, ಒಂದು ಅಂಚು ಎಂದು ಎಣ್ಣೆ ಹಚ್ಚುವ ಕೆಲಸ ಇದ್ದೇ ಇರುತ್ತದೆ. ಒರೆಸಿದ ಬಟ್ಟೆಯನ್ನು ನೀರಿನಲ್ಲಿ ಅದ್ದಿ ತಂತಿಯ ಮೇಲೆ ಬಿಡಿಸಿ ಹಾಕುತ್ತೇನೆ. ಸಂಜೆ ಹಲಗೆ ಟಕ್ ಎಂದಾಗ ಅತ್ತೆ ಎದ್ದು ಬಟ್ಟೆಗಳನ್ನೆಲ್ಲ ಒಳಗೆ ತರುತ್ತಾರೆ, ಅದೊಂದನ್ನು ಬಿಟ್ಟು. ದೇವರು ಕೇಳಿದರೆ ನಾನು ಹೇಳಿಕೊಳ್ತೀನಿ ಎಂದಿದ್ದಾರೆ. ಪದ್ಮಕ್ಕನಿಗೂ ಇದನ್ನೇ ಹೇಳಿದೆ, ಅವರು ನಂಬಲಿಲ್ಲ.

ಇನ್ನೊಂದು ಹೊಸ ಅಭ್ಯಾಸವೂ ಶುರುವಾಗಿದೆ. ಊಟವಾಗಿ ಅತ್ತೆ ಮೇಲೆ ಹತ್ತಿದ ಮೇಲೆ ನನ್ನನ್ನು ಕರೆಯುತ್ತಾರೆ. ಬಂದು ಒಂದ್ಸಲ ಮೂಸಿ ಹೋಗು, ಆಮೇಲೆ ಮಲಗ್ತೀನಿ ಎನ್ನುತ್ತಾರೆ. ನಾನು ಹೋಗಿ ಕೋಣೆಯ ನಡುವೆ ನಿಂತು ಮೂಗೆತ್ತುತ್ತೇನೆ. ಇಷ್ಟು ವರ್ಷ ಎಲ್ಲರೂ ನಕ್ಕ ಮೂಗನ್ನು, ಕೇಳಿ ಕರೆಸಿಕೊಳ್ಳುವವರು ಅವರೊಬ್ಬರೇ. ಆರಿದ ದೀಪದ ಬತ್ತಿ, ಸಾಂಬ್ರಾಣಿ, ಅಗಸೆ ಎಣ್ಣೆ, ಒದ್ದೆ ತೇಗ. ಏನೂ ಇಲ್ಲ ಅತ್ತೆ, ಮಲಗಿ ಎಂದು ಇಳಿದು ಬರುತ್ತೇನೆ.

ನೆನ್ನೆಯೂ ಹಾಗೇ ಇಳಿದು ಬಂದೆ. ಹಾಸಿಗೆಯ ಮೇಲೆ ಕೂತೆ. ಸರಿಯಾಗಿ ಮೂಸಿದೆನೋ ಇಲ್ಲವೋ ಎಂದು ಅನುಮಾನ ಹತ್ತಿತು. ಬೆಂಚಿನ ಕೆಳಗೆ ಬಗ್ಗಿ ನೋಡಲಿಲ್ಲವಲ್ಲ. ಸೂರಿಯವರು ಹೋಗಿಬಾ ಎನ್ನುವಂತೆ ಮಗ್ಗುಲಾದರು. ಸದ್ದಾಗದ ಹಾಗೆ ಮೆಟ್ಟಿಲು ಹತ್ತಿದೆ. ಬಾಗಿಲು ಹಾಕಿರಬಹುದು, ತಟ್ಟಿದರೆ ನಿದ್ದೆ ಕೆಡುತ್ತದೆ ಎಂದು ಅಳುಕುತ್ತಾ ಕೈಯಿಟ್ಟರೆ, ಬಾಗಿಲು ತಾನಾಗಿ ಸರಿಯಿತು.

"ಬಾ," ಎಂದರು ಅತ್ತೆ ಕತ್ತಲಿನಿಂದ. "ಇನ್ನೊಂದ್ಸಲ ಬರ್ತೀಯ ಅಂತ ಚಿಲಕ ಹಾಕಿಲ್ಲ."